ಗರಗರ ತಿರುಗುವುದಕ್ಕೊಂದು ಹೆಸರು

ನಾನು ಬರೆದ ಕನ್ನಡವನ್ನು ಓದಿದವರು ಈ ಜಿಲ್ಲೆಯಲ್ಲಿ ಕಡಿಮೆಯೇನಿಲ್ಲ. ಬರೆದವನು ಯಾರೆಂಬುದು ಮಾತ್ರ ಒಬ್ಬರಿಗೂ ಗೊತ್ತಿಲ್ಲ. ನೀರೆತ್ತುವ ಪಂಪಿನ ಪೆಟ್ಟಿಗೆಯಲ್ಲಿ, ಔಷಧಿ ಹೊಡೆಯುವ ಡಬ್ಬಿಯ ಜೊತೆಗೆ, ಮಿಕ್ಸರಿನ ಅಡಿಯಲ್ಲಿ ಮಡಚಿಟ್ಟ ಒಂದು ತೆಳು ಹಾಳೆ ಇರುತ್ತದಲ್ಲ, "ಮೊದಲು ಇದನ್ನು ಓದಿರಿ" ಎಂದು ಶುರುವಾಗುವುದು, ಅದೇ ನನ್ನ ಸಾಹಿತ್ಯ. ಮೊದಲು ಯಾರೂ ಓದುವುದಿಲ್ಲ. ಯಂತ್ರ ಕೆಟ್ಟ ಮೇಲೆ ಓದುತ್ತಾರೆ. ಹೀಗಾಗಿ ಬೈದುಕೊಂಡೇ ಓದುತ್ತಾರೆ. ಅದೂ ಒಂದು ಬಗೆಯ ಓದುಗ ಬಳಗವೇ ಎಂದುಕೊಂಡು ಸಮಾಧಾನದಿಂದ ಇದ್ದೇನೆ.

ನನ್ನ ಮನೆ ಹಿಂಡಲಗಾದಲ್ಲಿ. ಹಾಗೆಂದು ಹೇಳಿದಾಗ ಅಲ್ಲಿಯ ಜೈಲನ್ನು ನೆನೆದು "ಒಳಗಿರ್ತೀರೋ ಹೊರಗೋ?" ಎಂದು ಕೇಳದ ಬೆಳಗಾವಿಯವನನ್ನು ನಾನಿನ್ನೂ ಕಂಡಿಲ್ಲ. "ಈಗ ಸದ್ಯ ಹೊರಗ," ಎನ್ನುತ್ತೇನೆ. ಕೇಳಿದವನಿಗೂ ಸಂತೋಷ, ನನಗೂ ಸಂತೋಷ.

ಶಬ್ದದ ವಿಷಯದಲ್ಲಿ ನನ್ನನ್ನು ಹಾಳು ಮಾಡಿದವಳು ನಮ್ಮ ಆಯಿ, ಅಂದರೆ ಅಪ್ಪನ ಅವ್ವ. ಸಣ್ಣವನಿದ್ದಾಗ ಬಿಸಿಲಲ್ಲಿ ಆಡಿ ಬಂದು "ಆಯಿ, ನೀರು. ಆ ಪಾತ್ರಿ ಕೊಡು" ಎಂದರೆ ಅವಳು ಕೊಡುತ್ತಿರಲಿಲ್ಲ.

"ಯಾ ಪಾತ್ರಿ? ಚರಗಿ ಐತಿ, ತಂಬಿಗಿ ಐತಿ, ಗಿಂಡಿ ಐತಿ, ಬೋಗುಣಿ ಐತಿ. ನಿನಗ ಯಾವದ ಬೇಕು? ಹೆಸರ ಹೇಳು, ಇಲ್ಲಂದ್ರ ಬೊಗಸೀಲೆ ಕುಡಿ."

ಬಾಯಿ ಒಣಗಿದ ಹೊತ್ತಿನಲ್ಲಿ ಕಲಿತ ಶಬ್ದ ಮರೆಯುವುದಿಲ್ಲ. ಚರಗಿಗೂ ತಂಬಿಗಿಗೂ ಇರುವ ವ್ಯತ್ಯಾಸವನ್ನು ಇವತ್ತಿಗೂ ನಾನು ಕಣ್ಣು ಮುಚ್ಚಿಕೊಂಡು, ಬರೀ ಅವುಗಳ ಕುತ್ತಿಗೆಯ ಮೇಲೆ ಕೈಯಾಡಿಸಿ ಹೇಳಬಲ್ಲೆ. ಆಯಿ ಹೋಗಿ ಬಹಳ ವರ್ಷಗಳಾದವು. ಆದರೆ ಹೋದ ಸಂಕ್ರಾಂತಿ ಮುಗಿದ ಮೇಲೆ ಶುರುವಾದ ಒಂದು ಪ್ರಕರಣದಲ್ಲಿ ಆಕೆ ದಿನವೂ ನನ್ನ ಬೆನ್ನ ಹಿಂದೆ ನಿಂತು "ಹೆಸರ ಹೇಳು" ಎನ್ನುತ್ತಿದ್ದಳು.

ಪ್ರಕರಣ ಹೀಗೆ. ನನ್ನ ತಮ್ಮನದು ಬೆಳಗಾವಿಯಲ್ಲಿ ಒಂದು ಸಣ್ಣ ವರ್ಕ್‌ಶಾಪು. ಬೇರೆಯವರ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಟ್ಟು ಬೇಸತ್ತ ಅವನು ಈ ಸಲ ಸ್ವಂತದ್ದೊಂದು ಯಂತ್ರ ಮಾಡಿದ್ದ: ಗೆಣಸು ಹೆಚ್ಚುವ ಯಂತ್ರ. ಮೇಲೊಂದು ಬಾಯಿ, ಕೆಳಗೊಂದು ಡ್ರಮ್ಮು, ಡ್ರಮ್ಮಿನ ಹೊಟ್ಟೆಯಲ್ಲಿ ಗರಗರ ತಿರುಗುವ, ಊಟದ ತಾಟಿನಷ್ಟು ಅಗಲದ, ಗುಂಡನೆಯ ಒಂದು ಉಕ್ಕಿನ ಹಾಳೆ. ಆ ಹಾಳೆಯಲ್ಲಿ ಎರಡು ಸೀಳು, ಸೀಳಿಗೊಂದೊಂದು ಅಲಗು. ಬಾಯಲ್ಲಿ ಗೆಣಸು ಹಾಕಿದರೆ ಕೆಳಗೆ ತೆಳ್ಳನೆಯ ಹೋಳುಗಳು ಎಲೆಯುದುರಿದಂತೆ ಉದುರುತ್ತವೆ.

ಮೊದಲ ಯಂತ್ರ ಹೋಗಬೇಕಾದದ್ದು ಪಾರಿಶ್ವಾಡದ ನಮ್ಮ ಚಿಗವ್ವನ ಮನೆಗೆ. ಚಿಗವ್ವ ಎಂದರೆ ನಮ್ಮ ಕಾಕಾನ ಹೆಂಡತಿ, ಆ ಊರಿನ ಹೆಣ್ಣುಮಕ್ಕಳ ಒಂದು ಸಂಘಕ್ಕೆ ಹಿರಿಯಳು. ಅವರು ಗೆಣಸನ್ನು ತೆಳ್ಳಗೆ ಹೆಚ್ಚಿ, ಉಪ್ಪುನೀರಲ್ಲಿ ಒಂದು ಕುದಿ ಬರಿಸಿ, ಮಾಳಿಗೆಯ ಮೇಲೆ ಒಣಗಿಸಿ ಮಾರುತ್ತಾರೆ. ಶಿವರಾತ್ರಿ ಉಪವಾಸಕ್ಕೆ ಅದನ್ನು ಕರಿದು ತಿನ್ನುವವರು ಬೆಳಗಾವಿಯಲ್ಲಿ ಬಹಳ. ಇಷ್ಟು ವರ್ಷ ಹೆಚ್ಚುತ್ತಿದ್ದದ್ದು ಈಳಿಗೆಯಲ್ಲಿ. ಮಣೆಯ ಮೇಲೆ ಕಾಲೂರಿ ಕುಳಿತು, ಗೆಣಸನ್ನು ಅಲಗಿಗೆ ಒತ್ತಿ ಒತ್ತಿ ಚಿಗವ್ವನ ಬಲಗೈ ಹೆಬ್ಬೆರಳಿನ ಬುಡ ಬಾತು, ಡಾಕ್ಟರು ಇನ್ನು ಈಳಿಗೆ ಮುಟ್ಟಬೇಡಿ ಎಂದುಬಿಟ್ಟಿದ್ದರು.

ಯಂತ್ರ ನೋಡಲು ಊರಿಂದ ಬಂದವಳನ್ನು ಸಂಜೆ ನಾನೇ ರವಿವಾರ ಪೇಟೆಗೆ ಕರೆದುಕೊಂಡು ಹೋದೆ. ಅಲ್ಲಿಯ ಒಬ್ಬ ಸಾವಕಾರರು ಪ್ರತಿವರ್ಷ ಅವಳ ಮಾಲು ತೆಗೆದುಕೊಳ್ಳುವವರು.

"ಬರ್ರಿ ಅಕ್ಕಾರ, ಕುಂದರ್ರಿ. ಈ ಸಲ ಶಿವರಾತ್ರಿಗೆ ಹೋದ ವರ್ಷದ್ದರ ಎರಡರಷ್ಟ ಬೇಕ್ರಿ. ಆಗತೈತೇನ್ರಿ? ಆಗೂದಿಲ್ಲಂದ್ರ ಈಗ ಹೇಳ್ರಿ, ಬ್ಯಾರೆ ಕಡೆ ನೋಡಕೊಂತೀನಿ."

"ಆಗತೈತ್ರಿ," ಅಂದಳು ಚಿಗವ್ವ. ಉಸಿರು ಕೂಡ ತೆಗೆದುಕೊಳ್ಳಲಿಲ್ಲ.

ಚಹಾ ಬಂತು. ಚಿಗವ್ವ ಕಪ್ಪನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು. "ನನಗ ಬ್ಯಾಡ್ರಿ ಸಾವ್ಕಾರ. ಮಾಲು ತಂದು ನಿಮ್ಮ ಕಟ್ಟಿ ಮ್ಯಾಲೆ ಇಟ್ಟ ದಿವಸ ಕುಡೀತೀನಿ."

ಅದು ಅವಳ ಮೊದಲಿನಿಂದಲೂ ಇದ್ದ ಪದ್ಧತಿ. ಯಾರ ಮನೆಯಲ್ಲಿ ಮಾತು ಕೊಟ್ಟಿರುತ್ತಾಳೋ, ಆ ಮಾತು ಮುಗಿಯುವವರೆಗೆ ಅವರ ಮನೆಯ ಹನಿ ನೀರು ಮುಟ್ಟುವುದಿಲ್ಲ. ಚಹಾ ಎಂದರೆ ಪ್ರಾಣ ಬಿಡುವ ಹೆಂಗಸು ಚಹಾ ಬಿಟ್ಟಿದ್ದಾಳೆಂದರೆ ವಿಷಯ ಸಣ್ಣದಲ್ಲ ಎಂದು ನನಗೆ ಅರ್ಥವಾಯಿತು. ಚಹಾ ಚೆಲ್ಲುವಂತಿಲ್ಲವಲ್ಲ, ಎರಡೂ ಕಪ್ಪು ನಾನೇ ಕುಡಿದೆ.

ಹೊರಗೆ ಬಂದ ಮೇಲೆ ಆಟೋದಲ್ಲಿ ಹೇಳಿದಳು: "ನಿನ್ನ ತಮ್ಮಗ ಹೇಳು, ಮಷೀನು ಹೆಂಗ ನಡಸೂದು ಅಂತ ಕನ್ನಡದಾಗ ಬರದ ಕೊಡ ಅಂತ. ಬಾಯಿಲೆ ಹೇಳಿ ಹ್ವಾದ್ರ, ಅಂವಾ ಹ್ವಾದ ಕೂಡ್ಲೆ ಎದುರಮನಿಯಾಕಿ ತನ್ನದೊಂದ ಶುರು ಮಾಡತಾಳ. ಬರದಿದ್ದಿತ್ತಂದ್ರ ಓದಿ ತೋರಸತೀನಿ."

ಎದುರುಮನೆಯಾಕಿ ಎಂದರೆ ಚಿಗವ್ವನ ಜೊತೆಗೇ ಆ ಊರಿಗೆ ಸೊಸೆಯಾಗಿ ಬಂದವಳು. ಇಬ್ಬರೂ ದಿನಕ್ಕೊಮ್ಮೆ ಜಗಳಾಡದಿದ್ದರೆ ಊಟ ಸೇರುವುದಿಲ್ಲ. ಪಾರಿಶ್ವಾಡದಲ್ಲಿ ಈಳಿಗೆಯ ಮುಂದೆ ಆಕೆಯನ್ನು ಮೀರಿಸುವವರಿಲ್ಲ. ಗೆಣಸಿನ ಹೋಳು ತೆಗೆದರೆ ಆಚೆಗಿನ ಬೆಳಕು ಕಾಣಬೇಕು. ಯಂತ್ರದ ಸುದ್ದಿ ಕೇಳಿದ ದಿನವೇ ಸಂಘದ ಎಲ್ಲರೆದುರು ಅಂದಿದ್ದಳಂತೆ: "ನನ್ನ ಈಳಿಗಿ ಕರೆಂಟೂ ಕೇಳೂದಿಲ್ಲ, ಪುಸ್ತಕಾನೂ ಕೇಳೂದಿಲ್ಲ. ಬರಲಿ ನಿನ್ನ ಮಷೀನು, ಆರತಿ ಹಿಡಕೊಂಡ ನಿಂತಿರತೀನಿ."

ಹೀಗೆ ಹಾಳೆ ಬರೆಯುವುದು ನನ್ನ ಪಾಲಿಗೆ ಬಂತು. ಸಲೀಸಾದ ಕೆಲಸ ಎಂದುಕೊಂಡೆ. ಡ್ರಮ್ಮಿಗೆ ಡ್ರಮ್ಮು, ಮೋಟರಿಗೆ ಮೋಟರು, ಬಾಯಿಗೆ ಬಾಯಿ. ಆ ತಿರುಗುವ ಗುಂಡನೆಯದರ ಹತ್ತಿರ ಬಂದು ನನ್ನ ಪೆನ್ನು ನಿಂತಿತು.

ತಮ್ಮ ಅದನ್ನು ಡಿಸ್ಕ್ ಅನ್ನುತ್ತಾನೆ. ಅವನ ವರ್ಕ್‌ಶಾಪಿನ ಮರಾಠಿ ಮಿಸ್ತ್ರಿ ಚಕ್ತಿ ಅನ್ನುತ್ತಾನೆ. ಆದರೆ ಈ ಕಡೆ ಹೆಚ್ಚಿದ ಹೋಳಿಗೂ ಚಕ್ತಿ ಎನ್ನುವವರಿದ್ದಾರೆ, ಬೇಡ ಎಂದು ಬಿಟ್ಟೆ. ನನ್ನ ಹತ್ತಿರ ಇರುವ ದಪ್ಪನೆಯ ನಿಘಂಟು ತೆಗೆದೆ. ಅದರಿಂದ ಅದು ಇದು ಸೇರಿಸಿ ನಾನೇ ಕಟ್ಟಿದ್ದು "ಪರಿಭ್ರಮಣ ಫಲಕ." ಬರೆದು, ಎರಡು ಸಲ ಜೋರಾಗಿ ಓದಿದೆ. ಒಳಗಿನಿಂದ ಹೆಂಡತಿ ಸೌಟು ಹಿಡಿದುಕೊಂಡೇ ಬಂದಳು.

"ಏನ್ರೀ ಅದು? ಯಾರರ ಸತ್ತಾರೇನು?"

"ಗೆಣಸು ಹೆಚ್ಚೂದರ ಹೆಸರು."

"ಆ ಹೆಸರ ಓದಿ ಮುಗಸೂದರಾಗ ಗೆಣಸು ಕೊಳೀತಾವು. ಗುಂಡಗ ಐತಿ, ಚಪ್ಪಟಿ ಐತಿ, ತಟ್ಟಿ ಅಂತ ಬರೀರಿ ಸುಮ್ನ."

ಬರೆದೆ. "ತಿರುಗುವ ತಟ್ಟೆ." ನೋಡಲೂ ಚೆಂದ, ಓದಲೂ ಹಗುರ. "ತಿರುಗುವ ತಟ್ಟೆಯನ್ನು ದಿನವೂ ತೆಗೆದು ಚೆನ್ನಾಗಿ ತೊಳೆಯಬೇಕು" ಎಂಬ ವಾಕ್ಯ ಬರೆದಾಗ ನನಗೇ ಖುಷಿಯಾಯಿತು. ಹಾಳೆಯ ಸಮೇತ ಯಂತ್ರ ಟೆಂಪೋ ಏರಿತು.

ಮೊದಲೆರಡು ದಿನ ಸುದ್ದಿಯೇ ಇಲ್ಲ. ಯಂತ್ರ ಹೋದ ಕಡೆಯಿಂದ ಸುದ್ದಿ ಬರದಿದ್ದರೆ ಅದೇ ಒಳ್ಳೆಯ ಸುದ್ದಿ, ಇದು ನನ್ನ ಕಸುಬಿನಲ್ಲಿ ಕಲಿತದ್ದು. ಆಮೇಲೆ ಫೋನ್ ಬಂತು.

"ಯಪ್ಪಾ, ನಿನ್ನ ತಟ್ಟಿ ಗೆಣಸ ಹೆಚ್ಚವಲ್ದು. ಜಗ್ಗತೈತಿ, ಹರೀತೈತಿ. ಹೋಳು ಬೀಳೂ ಬದಲಿ ಪಲ್ಯ ಬೀಳಾಕತ್ತೈತಿ."

"ದಿನಾ ತೊಳದ್ರೇನು?"

"ತೊಳೀದ ಬಿಡತೀವೇನು? ನೀ ಬರದಿಯಲ್ಲ. ಬೂದಿ ಹಚ್ಚಿ, ನಾರಿಲೆ ತಿಕ್ಕಿ ತಿಕ್ಕಿ ಬೆಳ್ಳಗ ಮಾಡೀವಿ. ಮಾರಿ ಕಾಣತೈತಿ ಅದರಾಗ."

"ತೊಳದು ಎಲ್ಲಿ ಇಡತೀರಿ?"

"ತಟ್ಟಿ ಎಲ್ಲಿ ಇಡತಾರ? ತಟ್ಟಿ ಸ್ಟ್ಯಾಂಡನ್ಯಾಗ. ನಿನ್ನಿ ನಿಮ್ಮ ಕಾಕಾಗ ಸೊಸಿ ಅದರಾಗ ರೊಟ್ಟಿ ಹಾಕಿ ಕೊಟ್ಟಿದ್ಲು. ಸಾರು ಬಡಿಸಿದಾಗ ಸೀಳಿನ್ಯಾಗಿಂದ ಧೋತ್ರದ ಮ್ಯಾಲೆ ಇಳೀತು, ಆಗ ಗೊತ್ತಾತು."

ಕಾಕಾ ಆ ಕಡೆ ಏನೋ ಗೊಣಗಿದ್ದು ಕೇಳಿಸಿತು. ಅಲಗಿನ ಮೇಲೆ ಕುಕ್ಕರಿನ ಮುಚ್ಚಳ, ಹಿತ್ತಾಳೆ ಪರಾತ, ಎಲ್ಲ ಹೇರಿ ಹೇರಿ ಅಲಗು ಮೊಂಡಾಗಿದೆ ಎಂದು ತಿಳಿಯಲು ಎಂಜಿನಿಯರಿಂಗ್ ಓದಬೇಕಾಗಿಲ್ಲ. ತಮ್ಮ ಬೈಕಿನ ಮೇಲೆ ಹೋಗಿ ಅದನ್ನು ಬಿಚ್ಚಿಕೊಂಡು ಬಂದ. ಸಾಣೆ ಹಿಡಿಸುತ್ತ ನನ್ನ ಕಡೆ ನೋಡಿದ.

"ಅಣ್ಣಾ, ತಪ್ಪು ಅವರದಲ್ಲ. ತಟ್ಟಿ ಅಂತ ಹೇಳಿದ್ರ ತಟ್ಟಿಗೆ ಮಾಡೂದ ಮಾಡತಾರ. ಹೆಸರ ಬದಲಿ ಮಾಡು. ಗಾಲಿ ಅಂತ ಬರಿ."

ಸರಿಯೆನಿಸಿತು. ಗಾಲಿಯಲ್ಲಿ ಯಾರೂ ಊಟ ಮಾಡುವುದಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿಗೆ ಹೇಳಿದೆ. ಆಕೆ ತಲೆಯೆತ್ತದೆ ರೊಟ್ಟಿ ಮುರಿಯುತ್ತಲೇ ಅಂದಳು: "ಗಾಲಿ ಅಂದ್ರ ಎಣ್ಣಿ ಬಿಡತಾರ. ಕಿರ್ ಅಂದ ಕೂಡ್ಲೆ ಹರಳೆಣ್ಣಿ ಬಿಡತಾರ. ಆ ಗೆಣಸ ತಿಂದವರು ಶಿವರಾತ್ರಿ ಜಾಗರಣಿ ಎಲ್ಲಿ ಕುಂತ ಮಾಡತಾರ ಅನ್ನೂದ ನೀವ ವಿಚಾರ ಮಾಡ್ರಿ."

ಗಾಲಿ ಅಲ್ಲಿಗೇ ನಿಂತಿತು.

ಉಳಿದದ್ದು ಚಕ್ರ. ಇದನ್ನು ಯಾಕೆ ಮೊದಲೇ ಬರೆಯಲಿಲ್ಲ ಎಂದು ನನ್ನನ್ನೇ ಬೈದುಕೊಂಡೆ. ಗಂಭೀರ ಶಬ್ದ, ಶುದ್ಧ ಶಬ್ದ. ಯಾರೂ ಅದರಲ್ಲಿ ಸಾರು ಬಡಿಸುವುದಿಲ್ಲ, ಎಣ್ಣೆ ಸುರಿಯುವುದಿಲ್ಲ. ಹೊಸ ಹಾಳೆ ದೊಡ್ಡ ಅಕ್ಷರದಲ್ಲಿ ಛಾಪಿಸಿ, ಸಾಣೆ ಹಿಡಿಸಿದ ಗುಂಡನೆಯದರ ಜೊತೆ ತಮ್ಮನ ಕೈಯಲ್ಲಿ ಕಳಿಸಿದೆ. ಅವನು ಭಾನುವಾರ ಜೋಡಿಸಿ ಬಂದ. ಶಿವರಾತ್ರಿ ಹತ್ತಿರ ಬಂದಿತ್ತು. ಹೋಳು ಒಣಗಲು ಬಿಸಿಲೂ ಬೇಕಲ್ಲ. ಚಿಗವ್ವ ಫೋನಿನಲ್ಲಿ, "ನಾಳೆ ಸೋಮವಾರ, ಒಳ್ಳೆ ದಿನ, ಹೊಸದಾಗಿ ಶುರು ಮಾಡತೀವಿ. ನೀನೂ ಬಾ," ಅಂದಳು.

ಬೆಳಿಗ್ಗೆ ಬಸ್ಸಿನಲ್ಲಿ ಖಾನಾಪುರಕ್ಕೆ ಹೋಗಿ, ಅಲ್ಲಿ ಪಾರಿಶ್ವಾಡದ ಬಸ್ಸಿಗೆ ಕಾಯುತ್ತ ನಿಂತೆ. ಸ್ಟ್ಯಾಂಡಿನಲ್ಲಿ ಒಬ್ಬಾಕೆ ಮಣ್ಣಿನ ಗಡಿಗೆಗಳನ್ನು ಸಾಲಾಗಿ ಇಟ್ಟುಕೊಂಡು ಒಂದು ಬಸ್ಸಿಗೆ ಕನ್ನಡದಲ್ಲಿ, ಮುಂದಿನ ಬಸ್ಸಿಗೆ ಮರಾಠಿಯಲ್ಲಿ ಕೂಗುತ್ತಿದ್ದಳು. ಗಡಿಗೆ ನೋಡಿ ಕುಂಬಾರನ ತಿಗರಿ ನೆನಪಾಯಿತು. ಅಹಾ, ಅದೂ ಗುಂಡಗಿದೆ, ಅದೂ ತಿರುಗುತ್ತದೆ, ಎಷ್ಟು ಸೊಗಸಾದ ಶಬ್ದ! ಆದರೆ ತಿಗರಿ ತಿರುಗಿದರೆ ಗಡಿಗೆ ಏಳುತ್ತದೆ. ನಮ್ಮದು ತಿರುಗಿದರೆ ಇದ್ದದ್ದೂ ಹೋಳಾಗುತ್ತದೆ. ನಾನು ಇಷ್ಟು ದಿನ ಅದು ಕಣ್ಣಿಗೆ ಹೇಗೆ ಕಾಣುತ್ತದೆ, ಹೇಗೆ ತಿರುಗುತ್ತದೆ ಎಂದೇ ನೋಡುತ್ತಿದ್ದೆನಲ್ಲ, ತಿರುಗಿ ಏನು ಮಾಡುತ್ತದೆ ಎಂದು… ಅಷ್ಟರಲ್ಲಿ ಬಸ್ಸು ಬಂತು. ಸೀಟು ಹಿಡಿಯುವ ಗದ್ದಲದಲ್ಲಿ ಆ ವಿಚಾರ ಸ್ಟ್ಯಾಂಡಿನಲ್ಲೇ ಉಳಿಯಿತು.

ಚಿಗವ್ವನ ಅಂಗಳದಲ್ಲಿ ಗೆಣಸಿನ ಗುಡ್ಡ ಬಿದ್ದಿತ್ತು. ಸಂಘದ ಹೆಣ್ಣುಮಕ್ಕಳೆಲ್ಲ ಸೇರಿದ್ದರು. ಚಿಗವ್ವ ಸ್ನಾನ ಮಾಡಿ, ಹಣೆಯ ತುಂಬ ವಿಭೂತಿ ಧರಿಸಿ, ಇಸ್ತ್ರಿ ಸೀರೆಯುಟ್ಟು ನಿಂತಿದ್ದಳು. ಯಂತ್ರದ ಮುಂದೆ ಊದಿನಕಡ್ಡಿ. ನನಗೆ ಆಗಲೇ ಸ್ವಲ್ಪ ಅನುಮಾನ ಬರಬೇಕಿತ್ತು.

"ಈಗ ನೋಡು," ಅಂದಳು ಎದುರುಮನೆಯಾಕಿಗೆ. ಸ್ವಿಚ್ಚು ಹಾಕಿದಳು.

ಯಂತ್ರ ಒಮ್ಮೆ ಗುರ್ ಎಂದಿತು. ಆಮೇಲೆ ನಡುಗಿತು. ಆಮೇಲೆ ನಾಲ್ಕೂ ಕಾಲಲ್ಲಿ ಕುಣಿಯಲು ಹತ್ತಿತು. ಡ್ರಮ್ಮಿನೊಳಗೆ ಟಪ್ ಟಪ್ ಟಪ್ ಎಂದು ಏನೋ ಬಡಿಯುತ್ತಿತ್ತು. ಅದು ಅಂಗಳದಲ್ಲಿ ಎದುರುಮನೆಯಾಕಿಯ ಕಡೆಗೇ ನಡೆದುಕೊಂಡು ಹೋಗತೊಡಗಿತು. ಹೆಣ್ಣುಮಕ್ಕಳು ಕಿರುಚಿ ಗೋಡೆಗೆ ಒತ್ತಿ ನಿಂತರು. ಟಪ್ ಎಂಬುದು ಟಕ್ ಆಗಿ, ಕೆಳಗಿನ ಬಾಯಿಂದ ಹಳದಿ ಪುಡಿ ಭುಸ್ಸೆಂದು ಹಾರಿ ಎಲ್ಲರ ಮೈಮೇಲೆ ಬಿತ್ತು. ನಾನು ಓಡಿ ಹೋಗಿ ಪ್ಲಗ್ಗು ಕಿತ್ತೆ.

ಅಂಗಳದಲ್ಲಿ ಎಲ್ಲರೂ ಹಳದಿಯಾಗಿ ನಿಂತಿದ್ದೆವು.

ಯಂತ್ರ ಪೂರ್ತಿ ನಿಂತ ಮೇಲೆ ಮುಚ್ಚಳ ತೆಗೆದು ನೋಡಿದೆ. ಗುಂಡನೆಯದರ ಒಂದು ಮಗ್ಗುಲಿಗೆ ನೀರಲ್ಲಿ ಕಲಸಿದ ವಿಭೂತಿ ದಪ್ಪನಾಗಿ ಮೂರು ಬೆರಳು ಎಳೆದಿದೆ. ಅದರ ಪಕ್ಕದ ಸೀಳಿನಲ್ಲಿ ದಾರ ಪೋಣಿಸಿ, ಒಂದು ಇಡೀ ಅರಿಷಿಣ ಕೊಂಬನ್ನು ಕಟ್ಟಿದ್ದಾರೆ. ಮದುವೆಮನೆಯಲ್ಲಿ ಅರಿಷಿಣ ಬೀಸುವ ಮುಂಚೆ ಬೀಸುಕಲ್ಲಿಗೆ ಕಟ್ಟುತ್ತಾರಲ್ಲ, ಥೇಟ್ ಹಾಗೆ. ಅರ್ಧ ಕೊಂಬು ಪುಡಿಯಾಗಿ ನಮ್ಮ ಮೈಮೇಲಿತ್ತು, ಇನ್ನರ್ಧ ಅಲ್ಲೇ ನೇತಾಡುತ್ತಿತ್ತು.

ತಮ್ಮನಿಗೆ ಫೋನ್ ಹಚ್ಚಿ ಎಲ್ಲರಿಗೂ ಕೇಳುವಂತೆ ಇಟ್ಟೆ. ಅವನು ತಲೆಗೆ ಕೈ ಹಚ್ಚಿಕೊಂಡದ್ದು ಫೋನಿನಲ್ಲೇ ಕಾಣುತ್ತಿತ್ತು. "ಚಿಗವ್ವಾ, ಅಷ್ಟ ಜೋರ ತಿರುಗೂದಕ್ಕ ಒಂದ ಕಡೆ ಭಾರ ಆದ್ರ ಮಷೀನು ಜಗ್ಗತೈತಿ. ಸಮತೂಕ ಇರಬೇಕದು."

"ಏನಂದಿ? ವಿಭೂತಿ ಭಾರ ಆತೇನೋ ನಿನ್ನ ಮಷೀನಿಗೆ?"

"ಹಂಗಲ್ಲ ಚಿಗವ್ವಾ…"

"ಚಕ್ರ ಅಂತ ನಿಮ್ಮಣ್ಣನ ಬರದಾನ. ಚಕ್ರ ಅಂದ ಮ್ಯಾಲೆ ಪೂಜಿ ಮಾಡದ ಹೆಂಗ ತಿರುಗಸೂದು? ಚಾಲೂ ಮಾಡೂ ಮುಂಚೆ ಶುಚಿ ಮಾಡ್ರಿ ಅಂತನೂ ಬರದಾನ. ನಾ ಸ್ನಾನಾನೂ ಮಾಡೀನಿ."

ತಮ್ಮ "ಅಣ್ಣಗ ಕೇಳ್ರಿ" ಎಂದು ಫೋನ್ ಇಟ್ಟುಬಿಟ್ಟ.

ಎದುರುಮನೆಯಾಕಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಮುಂದೆ ಬಂದಳು. "ಹೋಗಲಿ ಬಿಡವಾ, ಬೇಜಾರ ಮಾಡಕೋಬ್ಯಾಡ. ಮಷೀನಿಗೆ ಅರಿಷಿಣ ಅಂತೂ ಆತು. ವರ ಯಾವ ಊರಾಂವ? ಅಕ್ಕಿಕಾಳ ಎಂದ ಹಾಕೂದು?"

ಎಲ್ಲರೂ ನಕ್ಕರು. ಚಿಗವ್ವನೂ ನಕ್ಕಳು. ಆದರೆ ಅದು ಪೂರ್ತಿ ನಗುವಲ್ಲ. ಅದೇ ಹೊತ್ತಿಗೆ ಸರಿಯಾಗಿ ರವಿವಾರ ಪೇಟೆಯ ಸಾವಕಾರರ ಫೋನು. ಚಿಗವ್ವ ಹಳದಿ ಕೈಯಲ್ಲೇ ಎತ್ತಿದಳು. "ಹೂಂನ್ರಿ… ಬರತೈತ್ರಿ… ಶಿವರಾತ್ರಿ ಮುಂಚೇನ ಬರತೈತ್ರಿ… ಹೆಚ್ಚಾಕತ್ತೀವ್ರಿ." ಫೋನ್ ಇಟ್ಟು ಗೆಣಸಿನ ಗುಡ್ಡದ ಕಡೆ ನೋಡಿದಳು. ಒಳಗೆ ಹೋಗಿ, ಹೆಬ್ಬೆರಳಿಗೊಂದು ಅರಿವೆ ಸುತ್ತಿಕೊಂಡು, ತನ್ನ ಹಳೆಯ ಈಳಿಗೆ ಹೊತ್ತು ತಂದಳು. ಮಣೆ ನೆಲಕ್ಕಿಟ್ಟು ಕುಳಿತಳು.

"ಚಿಗವ್ವಾ, ಡಾಕ್ಟರ ಏನ ಹೇಳ್ಯಾರ?"

"ಡಾಕ್ಟರ ಸಾವ್ಕಾರಗ ಮಾತ ಕೊಟ್ಟಿಲ್ಲ, ನಾ ಕೊಟ್ಟೀನಿ."

ಉಳಿದವರೂ ತಂತಮ್ಮ ಮನೆಗೆ ಹೋಗಿ ಈಳಿಗೆ ತಂದರು. ಅಂಗಳದ ತುಂಬ ಸಾಲಾಗಿ ಈಳಿಗೆಗಳು, ಸರಕ್ ಸರಕ್ ಎನ್ನುವ ಸದ್ದು. ಎದುರುಮನೆಯಾಕಿ ಎಲ್ಲರಿಗಿಂತ ಮುಂದೆ. ಆಕೆಯ ಬುಟ್ಟಿ ತುಂಬುತ್ತಿದ್ದರೆ ಚಿಗವ್ವನ ಬುಟ್ಟಿಯ ತಳ ಇನ್ನೂ ಕಾಣುತ್ತಿತ್ತು. ಹೆಬ್ಬೆರಳು ಒತ್ತಿದಾಗಲೆಲ್ಲ ಅವಳು ಕಣ್ಣು ಕಿರಿದು ಮಾಡುತ್ತಿದ್ದಳು. ಎಲ್ಲರೂ ಸಂಜೆಯವರೆಗೆ ಹೆಚ್ಚಿದರೂ ಆ ಗುಡ್ಡ ಕರಗುವಂತಿರಲಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾನು ಕೈಯಲ್ಲಿ "ಚಕ್ರ"ದ ಹಾಳೆ ಹಿಡಿದುಕೊಂಡು, ಬೀಗರ ಮನೆಯಲ್ಲಿ ಚಪ್ಪಲಿ ಕಳೆದುಕೊಂಡವನಂತೆ ಪಡಸಾಲೆಯ ಕಟ್ಟೆಯ ಮೇಲೆ ಕುಳಿತಿದ್ದೆ.

ಕುಳಿತವನ ಕಿವಿಗೆ ಅಂಗಳದ ಮಾತು ಬೀಳುತ್ತಿತ್ತು. ಹೊಸದಾಗಿ ಸಂಘಕ್ಕೆ ಸೇರಿದ ಒಬ್ಬ ಸೊಸೆ ನೀರು ಕುಡಿಯಲು ಎದ್ದಳು.

"ಏಯ್, ಹಂಗ ಬಿಟ್ಟ ಏಳಬ್ಯಾಡ. ಮಲಗಿಸಿ ಏಳು," ಅಂದಳು ಚಿಗವ್ವ. ಆಕೆ ಈಳಿಗೆಯನ್ನು ಮಗ್ಗುಲಿಗೆ ಮಲಗಿಸಿ ಎದ್ದಳು.

"ದಾಟಬ್ಯಾಡವಾ, ಸುತ್ತ ಹಾದು ಹೋಗು," ಇದು ಎದುರುಮನೆಯಾಕಿ.

"ತೊಳದ ಕೂಡ್ಲೆ ಒರಸು, ಇಲ್ಲಂದ್ರ ತುಕ್ಕ ಹಿಡೀತೈತಿ."

"ಬೂದಿ ಹಚ್ಚಿ ತಿಕ್ಕಬ್ಯಾಡ ಮತ್ತ, ಅಲಗ ಮೊಂಡ ಆಗತೈತಿ."

"ಅತ್ತಾಗಿಂದ ಹಿಡೀಬ್ಯಾಡ, ಬೆನ್ನಿನ ಕಡೆ ಹಿಡಿ."

ಕೈಯಲ್ಲಿದ್ದ ಹಾಳೆ ನೋಡಿದೆ. "ಬಳಕೆಯ ನಂತರ ಸುರಕ್ಷಿತವಾಗಿ ಇರಿಸಿ." "ತೊಳೆದು ತೇವಾಂಶ ಉಳಿಯದಂತೆ ಒರೆಸಿ." "ಹರಿತವಾದ ಭಾಗವನ್ನು ಮುಟ್ಟದಿರಿ." "ಒರಟು ಪದಾರ್ಥಗಳಿಂದ ಉಜ್ಜದಿರಿ." ನಾನು ಎರಡು ಸಲ ಛಾಪಿಸಿದ ಒಂದೊಂದು ವಾಕ್ಯವನ್ನೂ ಇವರು ಒಬ್ಬರಿಗೊಬ್ಬರು ಬೈಯುವಾಗ, ತಲೆಯೆತ್ತದೆ, ಹೇಳುತ್ತಿದ್ದರು. ಖಾನಾಪುರ ಸ್ಟ್ಯಾಂಡಿನಲ್ಲಿ ಬಿಟ್ಟುಬಂದ ವಿಚಾರ ಆಗ ಬಸ್ಸು ಹಿಡಿದುಕೊಂಡು ಬಂದು ಮುಟ್ಟಿತು.

"ಚಿಗವ್ವಾ," ಅಂದೆ, "ಆ ಮಷೀನಿನ ಹೊಟ್ಟ್ಯಾಗ ತಿರುಗತೈತಲ್ಲ, ಅದು ತಟ್ಟೀನೂ ಅಲ್ಲ, ಚಕ್ರಾನೂ ಅಲ್ಲ. ಅದೂ ಈಳಿಗೀನ. ಗುಂಡಂದು. ಗೆಣಸ ಹೋಗಿ ಅಲಗಿಗೆ ಬಡಿಯೂ ಬದಲಿ, ಅಲಗ ತಿರುಗಿ ಬಂದು ಗೆಣಸಿಗೆ ಬಡೀತೈತಿ. ಅಷ್ಟ ಫರಕು."

ಸರಕ್ ಸರಕ್ ನಿಂತಿತು. ಚಿಗವ್ವ ನನ್ನನ್ನು ನೋಡಿದಳು, ಯಂತ್ರವನ್ನು ನೋಡಿದಳು. ಮೊದಲು ಮಾತಾಡಿದವಳು ಎದುರುಮನೆಯಾಕಿ.

"ಈಳಿಗೀನಾ?"

"ಹೂಂ. ತಿರುಗೂ ಈಳಿಗಿ."

"ಈಳಿಗಿಗೆ ಅರಿಷಿಣ ಕೊಂಬ ಕಟ್ಟಿದ್ರೇನ ನೀವು?" ಆಕೆ ಈಗ ನಗುತ್ತಿರಲಿಲ್ಲ, ನಿಜವಾಗಿ ಸಿಟ್ಟಿಗೆದ್ದಿದ್ದಳು. "ದಸರಾದಾಗ ಖಂಡೇನಮಿ ದಿನ ಈಳಿಗಿ ಪೂಜಿ ಮಾಡೂ ಮುಂದ ವಿಭೂತಿ ಎಲ್ಲಿ ಹಚ್ಚತೀವಿ? ಮಣಿಗೆ ಹಚ್ಚತೀವಿ. ಅಲಗಿಗೆ ಹಚ್ಚತಾರೇನ ಯಾರರ? ಸರೀರಿ ಅತ್ತಾಗ."

ತನ್ನ ಈಳಿಗೆಯನ್ನು ಮಲಗಿಸಿ ಎದ್ದು ಬಂದಳು. ಪ್ಲಗ್ಗು ಕಿತ್ತಿದೆಯೋ ಇಲ್ಲವೋ ಎಂದು ನೋಡಿದಳು. ಯಂತ್ರದ ಜೊತೆ ಬಂದಿದ್ದ ಪಾನಾ, ಅಂದರೆ ಸ್ಪ್ಯಾನರು, ನನ್ನಿಂದ ಇಸಿದುಕೊಂಡು, ನಡುವಿನ ನಟ್ಟು ಬಿಚ್ಚಿ, ಆ ಗುಂಡನೆಯದನ್ನು ಬೆನ್ನಿನ ಕಡೆಯಿಂದಲೇ ಹಿಡಿದು ಎತ್ತಿದಳು. ದಾರ ಹರಿದೊಗೆದಳು. ನೀರು ಹಾಕಿ ಬರಿಗೈಯ ಹಿಂಬದಿಯಿಂದ ವಿಭೂತಿ ತೊಳೆದು, ಸೆರಗಲ್ಲಿ ಒರೆಸಿ, ಅಲಗಿನ ಮೇಲೆ ಹೆಬ್ಬೆರಳನ್ನು ಅಡ್ಡ ಆಡಿಸಿ ನೋಡಿದಳು. ಉದ್ದಕ್ಕಲ್ಲ, ಅಡ್ಡ. 

"ಛಲೋ ಹರಿತ ಐತಿ. ನಿನ್ನ ತಮ್ಮಗ ಸಾಣಿ ಹಿಡಸಾಕ ಬರತೈತಿ ಬಿಡು."

ಚಿಗವ್ವ ಕುಳಿತಲ್ಲಿಂದಲೇ ಕೇಳಿದಳು: "ನಿನಗ್ಯಾಕವಾ ಅದರ ಉಸಾಬರಿ? ನಿನ್ನ ಈಳಿಗಿ ಕರೆಂಟ ಕೇಳೂದಿಲ್ಲಲ್ಲ?"

"ನಿನಗ ಈಳಿಗಿ ನಡಸಾಕ ಎಂದ ಬಂದೈತಿ? ಮದಿವ್ಯಾಗಿ ಬಂದಾಗಿಂದ ನೋಡೀನಿ, ಸವತಿಕಾಯಿ ಹೆಚ್ಚಿದ್ರ ಬೆಣಚುಕಲ್ಲ ಇದ್ದಂಗ ಇರತಾವು. ನೀ ಗೆಣಸ ತೊಳದ ಕೊಡು, ನಾ ಹೆಚ್ಚತೀನಿ."

ಜೋಡಿಸಿದಳು. ನಾನು ನಟ್ಟು ಬಿಗಿದಿದೆಯೇ ಎಂದು ನೋಡಿ ಮುಚ್ಚಳ ಹಾಕಿದೆ. ಚಿಗವ್ವ ಒದ್ದೆ ಬೆರಳಲ್ಲಿ ವಿಭೂತಿ ತೆಗೆದುಕೊಂಡು ಯಂತ್ರದ ಕಾಲಿನ ಹತ್ತಿರ ತಂದು, ಎದುರುಮನೆಯಾಕಿಯ ಮುಖ ನೋಡಿದಳು. ಆಕೆ "ಹಾಂ, ಅಲ್ಲಿ ಹಚ್ಚು" ಎಂದಳು. ಸ್ವಿಚ್ಚು ಬಿತ್ತು. ಯಂತ್ರ ನಿಂತಲ್ಲೇ ನಿಂತು ಸುಂಯ್ ಎಂದಿತು. ಹೋಳುಗಳು ಎಲೆಯುದುರಿದಂತೆ ಉದುರಿದವು. ಎದುರುಮನೆಯಾಕಿ ಒಂದು ಹೋಳೆತ್ತಿ ಬಿಸಿಲಿಗೆ ಹಿಡಿದಳು. ಆಚೆಗಿನ ಬೆಳಕು ಕಂಡಿತು. ಮುಂದಿನ ಗೆಣಸು ಹಾಕಿದಳು.

ನಾನು ಹಳೆಯ ಹಾಳೆಯ ಹಿಂಬದಿಯಲ್ಲಿ, ಅಲ್ಲೇ ಕಟ್ಟೆಯ ಮೇಲೆ ಕುಳಿತು ಹೊಸದು ಬರೆದೆ. ತಿರುಗುವ ಈಳಿಗೆ, ಬಾಯಲ್ಲಿ ನಾಲ್ಕು ಸಲ ಅಂದರೆ ತಾನಾಗಿಯೇ ತಿರುಗೀಳಿಗೆ ಆಯಿತು. ಎರಡು ಪುಟದ ಹಾಳೆ ನಾಲ್ಕು ಸಾಲಿಗಿಳಿಯಿತು: "ಇದರ ಹೊಟ್ಟೆಯಲ್ಲಿ ತಿರುಗೀಳಿಗೆ ಇದೆ. ಮನೆಯ ಈಳಿಗೆಯನ್ನು ಹೇಗೆ ತೊಳೆಯುತ್ತೀರೋ, ಇಡುತ್ತೀರೋ, ಇದನ್ನೂ ಹಾಗೆಯೇ. ಪ್ಲಗ್ಗು ಕಿತ್ತು, ತಿರುಗುವುದು ಪೂರ್ತಿ ನಿಂತ ಮೇಲೆಯೇ ಮುಚ್ಚಳ ತೆಗೆಯಿರಿ. ಅಲಗಿನ ಮೇಲೆ ಏನನ್ನೂ ಹಚ್ಚಬೇಡಿ, ಕಟ್ಟಬೇಡಿ." ನಾನು ಬರೆದ ಹಾಳೆಗಳಲ್ಲೆಲ್ಲ ಅತಿ ಚಿಕ್ಕದು ಅದೇ. ತಮ್ಮನ ವರ್ಕ್‌ಶಾಪಿನ ಮರಾಠಿ ಮಿಸ್ತ್ರಿ ಕೂಡ ಈಗ ಮರಾಠಿ ಮಾತಿನ ನಡುವೆ ತಿರುಗೀಳಿಗೆ ಎನ್ನುತ್ತಾನೆ. ನಿಘಂಟಿನಲ್ಲಿ ಇನ್ನೂ ಇಲ್ಲ. ಆಯಿ ಇದ್ದಿದ್ದರೆ ಒಂದು ತಂಬಿಗಿ ನೀರು ಕೊಡುತ್ತಿದ್ದಳೋ ಏನೋ.

ಶಿವರಾತ್ರಿಗೆ ಮುಂಚೆ ಒಂದು ಬೆಳಿಗ್ಗೆ ಟೆಂಪೋ ರವಿವಾರ ಪೇಟೆಗೆ ಬಂತು. ಚೀಲಗಳ ಜೊತೆ ಚಿಗವ್ವ, ಅವಳ ಪಕ್ಕದಲ್ಲಿ ಎದುರುಮನೆಯಾಕಿ. ನಾನೂ ಹಿಂಡಲಗಾದಿಂದ ಹೋಗಿ ಸೇರಿಕೊಂಡೆ. ಚೀಲ ಒಂದೊಂದಾಗಿ ಕಟ್ಟೆಯ ಮೇಲೆ ಬಂದು ಕೂತವು. ಸಾವಕಾರರು ಒಂದು ಚೀಲ ಬಿಚ್ಚಿ, ತಳಕ್ಕೆ ಕೈ ಹಾಕಿ ಒಂದು ಹೋಳು ತೆಗೆದು ಮುರಿದರು. ಚಟ್ ಎಂದಿತು. ಇನ್ನೊಂದು ಚೀಲ, ಇನ್ನೊಂದು ಹೋಳು, ಮತ್ತೆ ಚಟ್.

"ಒಂದ ಕೈಯಾಗ ಹೆಚ್ಚಿದಂಗ ಐತ್ರಿ ಅಕ್ಕಾರ."

"ಈಕಿ ಕೈಯಾಗಿಂದು," ಅಂದಳು ಚಿಗವ್ವ, ಎದುರುಮನೆಯಾಕಿಯ ಕಡೆ ಗದ್ದ ಎತ್ತಿ. ಎದುರುಮನೆಯಾಕಿ ಅಂಗಡಿಯ ಮಾಡು ನೋಡತೊಡಗಿದಳು.

ಸಾವಕಾರರು ಹುಡುಗನನ್ನು ಕೂಗುವ ಮುಂಚೆಯೇ ಚಿಗವ್ವ ಕಟ್ಟೆಯ ತುದಿಗೆ, ಚೀಲಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ ಕುಳಿತಿದ್ದಳು. ಹೆಬ್ಬೆರಳಿನ ಅರಿವೆ ಬಿಚ್ಚಿ ಸೊಂಟಕ್ಕೆ ಸಿಗಿಸಿಕೊಂಡಳು. ಚಹಾ ಬಂತು. ನಾನು ಅಭ್ಯಾಸಬಲದಿಂದ ಅವಳ ಕಪ್ಪಿನ ಕಡೆಗೂ ಕೈ ಚಾಚಿದೆ.

"ಕೈ ತಗಿಯೋ," ಅಂದಳು. ಕಪ್ಪಿನಡಿಯ ಬಸಿಗೆ ಸುರಿದುಕೊಂಡು, ಊದಿ, ಸುರ್ ಎಂದು ಒಂದೇ ಗುಟುಕಿಗೆ ಅರ್ಧ ಬಸಿ ಖಾಲಿ ಮಾಡಿದಳು. ಉಳಿದದ್ದನ್ನೂ ಕುಡಿದು ಬಸಿ ಕೆಳಗಿಟ್ಟಳು.

"ಸಾವ್ಕಾರ, ಸಿಟ್ಟಾಗಬ್ಯಾಡ್ರಿ. ಇಷ್ಟ ದಿನ ಕಾದ ಬಾಯಿಗೆ ಸಕ್ರಿ ಸ್ವಲ್ಪ ಕಡಿಮಿ ಆಗೇತಿ. ಇನ್ನೊಂದ ಕಪ್ಪ ತರಸ್ರಿ."